ನೋವಿಲ್ಲದ ಕಾಮಾಲೆ: ಮದ್ದಿಗೆ ಮೊದಲು ಸ್ಕ್ಯಾನ್

ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಯಲ್ಲಿ ಬೇಸಿಗೆಯ ಜ್ವರ ಬಂದರೆ ಮಂಗನ ಕಾಯಿಲೆ ಇರಬಹುದೆಂದು ರಕ್ತಪರೀಕ್ಷೆಗೆ ಓಡುತ್ತೇವೆ. 1957ರಿಂದ ಕಂಡ ಸಾವುಗಳು ಕಲಿಸಿದ ಎಚ್ಚರ ಅದು. ಕಣ್ಣು ಹಳದಿಯಾದಾಗ ಮಾತ್ರ ಅನೇಕರ ಮೊದಲ ಹೆಜ್ಜೆ ಇಂದಿಗೂ ಬೇರಿನ ಮದ್ದು ಕೊಡುವವರ ಮನೆಗೆ.

ಆ ಮದ್ದಿಗೆ ಹೆಸರು ಬಂದದ್ದಕ್ಕೆ ಕಾರಣವಿದೆ. ಕಲುಷಿತ ನೀರಿನ ವೈರಸ್‌ನಿಂದ ಬರುವ ಕಾಮಾಲೆ ಬಹುಪಾಲು ಜನರಲ್ಲಿ ಕೆಲವು ವಾರಗಳಲ್ಲಿ ತಾನಾಗಿ ಇಳಿಯುತ್ತದೆ. ಕೀರ್ತಿ ಮದ್ದಿಗೆ ಸಲ್ಲುತ್ತದೆ. ಇನ್ನೊಂದು ಬಗೆಯ ಕಾಮಾಲೆ ಹಾಗೆ ಇಳಿಯುವಂಥದ್ದಲ್ಲ.

ಜಠರದ ಹಿಂದೆ, ಬೆನ್ನುಮೂಳೆಯ ಮುಂದೆ ಮೇದೋಜ್ಜೀರಕ ಗ್ರಂಥಿ ಇದೆ. ಪಿತ್ತನಾಳವು ಅದರ ತಲೆಭಾಗವನ್ನು ಹಾದು ಕರುಳನ್ನು ಸೇರುತ್ತದೆ. ಅಲ್ಲಿ ಗಡ್ಡೆ ಬೆಳೆದರೆ ನಾಳ ಒತ್ತಿಹೋಗಿ ಪಿತ್ತ ರಕ್ತಕ್ಕೆ ಸೇರುತ್ತದೆ. ಕಣ್ಣು ಹಳದಿ, ಮೂತ್ರ ಕಾಫಿ ಡಿಕಾಕ್ಷನ್‌ನಂತೆ, ಮಲ ಜೇಡಿಮಣ್ಣಿನಂತೆ ಬಿಳಿಚು, ಮೈಯೆಲ್ಲ ತುರಿಕೆ. ನೋವು ಇಲ್ಲದೆಯೂ ಇರಬಹುದು. ಆ ಸಮಾಧಾನವೇ ಇಲ್ಲಿ ಮೋಸ. ಐವತ್ತು ದಾಟಿದವರಲ್ಲಿ ಇದರೊಂದಿಗೆ ತೂಕ ಇಳಿದಿದ್ದರೆ, ಹೊಸದಾಗಿ ಸಕ್ಕರೆ ಕಾಯಿಲೆ ಕಾಣಿಸಿದ್ದರೆ ತಡಮಾಡಬೇಡಿ. ಕಲ್ಲಿನಿಂದಲೂ ನಾಳ ಕಟ್ಟೀತು, ಎಲ್ಲವೂ ಕ್ಯಾನ್ಸರ್ ಅಲ್ಲ. ಆದರೆ ಅದನ್ನು ಹೇಳಬೇಕಾದದ್ದು ಸ್ಕ್ಯಾನ್, ಊಹೆಯಲ್ಲ.

ಗೋವಾದ ಮುಖ್ಯಮಂತ್ರಿಯಾಗಿದ್ದ ಮನೋಹರ ಪರಿಕ್ಕರ್ 2019ರ ಮಾರ್ಚ್‌ನಲ್ಲಿ ತೀರಿಕೊಂಡದ್ದು ಇದೇ ಗ್ರಂಥಿಯ ಕ್ಯಾನ್ಸರ್‌ನಿಂದ. ರೋಗ ಪತ್ತೆಯಾಗುವ ವೇಳೆಗೆ ಶಸ್ತ್ರಚಿಕಿತ್ಸೆ ಸಾಧ್ಯವಿರುವುದು ನೂರರಲ್ಲಿ 15ರಿಂದ 20 ಮಂದಿಗೆ ಮಾತ್ರ. ಮದ್ದಿನಲ್ಲಿ ಕಳೆದ ಒಂದು ತಿಂಗಳ ಬೆಲೆ ಇದರಿಂದ ತಿಳಿಯುತ್ತದೆ.

ಮೊದಲು ಹೊಟ್ಟೆಯ ಅಲ್ಟ್ರಾಸೌಂಡ್. ಪಿತ್ತನಾಳ ಹಿಗ್ಗಿದ್ದರೆ ಅದರಲ್ಲಿ ಕಾಣುತ್ತದೆ. ಗ್ರಂಥಿಯನ್ನು ಮಾತ್ರ ಕರುಳಿನ ವಾಯು ಮರೆಮಾಡಬಹುದು. ಆದ್ದರಿಂದ "ಗಡ್ಡೆ ಕಾಣಲಿಲ್ಲ" ಎಂಬ ವರದಿ "ಗಡ್ಡೆ ಇಲ್ಲ" ಎಂದಲ್ಲ. ನಿಜವಾದ ಉತ್ತರ ಸಿ.ಟಿ. ಸ್ಕ್ಯಾನ್‌ನಲ್ಲಿದೆ. ಕೈಯ ರಕ್ತನಾಳಕ್ಕೆ ಔಷಧ ಕೊಟ್ಟು, ಕೆಲವು ಕ್ಷಣಗಳ ಅಂತರದಲ್ಲಿ ಎರಡು ಸಲ ಚಿತ್ರ ತೆಗೆಯುತ್ತಾರೆ. ಗ್ರಂಥಿ ಬೆಳ್ಳಗೆ ಹೊಳೆದರೆ ಗಡ್ಡೆ ಸಾಮಾನ್ಯವಾಗಿ ಮಸುಕಾಗಿ ಉಳಿಯುತ್ತದೆ. ಕರುಳಿಗೆ ರಕ್ತ ಒಯ್ಯುವ ದೊಡ್ಡ ನಾಳಗಳನ್ನು ಗಡ್ಡೆ ಸುತ್ತಿಕೊಂಡಿದೆಯೇ ಎಂದು ಸರ್ಜನ್ ನೋಡುವುದು ಈ ಚಿತ್ರದಲ್ಲೇ. ಶಸ್ತ್ರಚಿಕಿತ್ಸೆಯ ನಿರ್ಧಾರ ಬಹುಮಟ್ಟಿಗೆ ಅದರ ಮೇಲೆ ನಿಂತಿದೆ.

ಬಂಧುಗಳು ಕೇಳಲೇಬೇಕಾದ ಪ್ರಶ್ನೆ ಒಂದಿದೆ: "ಪಿತ್ತನಾಳಕ್ಕೆ ಕೊಳವೆ ಹಾಕುವ ಮೊದಲೇ ಸಿ.ಟಿ. ಆಗುತ್ತದೆಯೇ?" ಕೊಳವೆಯಿಂದ ಹಳದಿ ಇಳಿಯುತ್ತದೆ ನಿಜ, ಆದರೆ ಆಮೇಲೆ ತೆಗೆದ ಚಿತ್ರ ಕಲಸಿಹೋಗಬಹುದು. ಚಳಿಜ್ವರ ಕೂಡಿದ ಕಾಮಾಲೆ ಬೇರೆ ಮಾತು; ಅದು ತುರ್ತು, ವೈದ್ಯರು ಕೊಳವೆಯನ್ನೇ ಮೊದಲು ಹಾಕಬಹುದು.

ಸಿ.ಟಿ.ಯಲ್ಲೂ ಸಂಶಯ ಉಳಿದರೆ ಎಂಡೋಸ್ಕೋಪಿಕ್ ಅಲ್ಟ್ರಾಸೌಂಡ್ ಇದೆ. ನುಂಗಿಸಿದ ಕೊಳವೆಯ ತುದಿಯಿಂದ ಗ್ರಂಥಿಯನ್ನು ಹತ್ತಿರದಿಂದ ನೋಡಿ, ಸೂಜಿಯಿಂದ ಚೂರು ತೆಗೆಯುತ್ತಾರೆ. "ಬಯಾಪ್ಸಿ ಇಲ್ಲದೆ ಆಪರೇಷನ್ನೇ?" ಎಂದು ಗಾಬರಿಯಾಗುವವರುಂಟು. ಚಿತ್ರ ಸ್ಪಷ್ಟವಾಗಿದ್ದು ಗಡ್ಡೆ ತೆಗೆಯುವಂತಿದ್ದರೆ ಮೊದಲೇ ಬಯಾಪ್ಸಿ ಆಗಲೇಬೇಕೆಂದಿಲ್ಲ. ಸಿ.ಎ. 19-9 ರಕ್ತಪರೀಕ್ಷೆಯ ಅಂಕಿ ಬರೀ ಕಾಮಾಲೆಯಿಂದಲೂ ಏರುತ್ತದೆ. ಅದೊಂದನ್ನೇ ನೋಡಿ ಎದೆಗುಂದಬೇಡಿ.

ಶಸ್ತ್ರಚಿಕಿತ್ಸೆ ದೊಡ್ಡದು, ಅನುಭವವಿರುವ ಕೇಂದ್ರದಲ್ಲೇ ಆಗಬೇಕು. ಮಣಿಪಾಲಕ್ಕೋ ಬೆಂಗಳೂರಿನ ಕಿದ್ವಾಯಿಗೋ ಹೊರಡುವಾಗ ಸ್ಕ್ಯಾನ್‌ನ ವರದಿಯ ಹಾಳೆ ಮಾತ್ರ ಸಾಲದು, ಫಿಲ್ಮ್ ಮತ್ತು ಸಿ.ಡಿ. ಕೇಳಿ ಪಡೆಯಿರಿ. ಪಡಿತರ ಚೀಟಿ, ಆಧಾರ್, ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಗಾಗಿ ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರ ಇವೂ ಜೊತೆಗಿರಲಿ. ಬೇರಿನ ಮದ್ದು ಈಗಾಗಲೇ ತೆಗೆದುಕೊಂಡಿದ್ದರೆ ಸಂಕೋಚಪಡದೆ ವೈದ್ಯರಿಗೆ ಹೇಳಿ, ಯಾರೂ ಬೈಯುವುದಿಲ್ಲ.