ಸಯಾಟಿಕಾ ನೋವಿಗೆ ಗಾಂಜಾ ಔಷಧ: ಹಕ್ಕು ಯಾವುದು, ಅಪರಾಧ ಯಾವುದು?

ಸೊಂಟದಿಂದ ಹೊರಟು ತೊಡೆ, ಮೀನಖಂಡ ದಾಟಿ ಪಾದದವರೆಗೆ ಸೆಳೆಯುವ ಸಯಾಟಿಕಾ ತಿಂಗಳುಗಟ್ಟಲೆ ಕಾಡಿದರೆ, ಯಾರು ಯಾವ ಮದ್ದು ಹೇಳಿದರೂ ನೋಡೇಬಿಡೋಣ ಎನಿಸುವುದು ಸಹಜ. ಗಾಂಜಾ ಎಣ್ಣೆ ನರದ ನೋವಿಗೆ ರಾಮಬಾಣ ಎಂಬ ಪ್ರಚಾರ ಇಂಥವರನ್ನೇ ಹುಡುಕಿಕೊಂಡು ಬರುತ್ತದೆ. ಅದಕ್ಕೆ ಕಿವಿಗೊಡುವ ಮುನ್ನ ಒಂದು ಮಾತು ಮನದಟ್ಟಾಗಬೇಕು: ಕಾನೂನಿನ ಮುಂದೆ ರೋಗಿಯನ್ನು ಕಾಯುವುದು ನೋವಿನ ತೀವ್ರತೆಯಲ್ಲ, ಔಷಧದ ಹಿಂದಿರುವ ಪರವಾನಗಿ ಮತ್ತು ವೈದ್ಯರ ಮೇಲ್ವಿಚಾರಣೆ.

ಸಂಶೋಧನೆಯಿಂದಲೇ ಶುರು ಮಾಡೋಣ. ಸೊಂಟದ ನರಮೂಲದ ನೋವಿದ್ದ 15 ಪುರುಷರ ಮೇಲೆ ಇಸ್ರೇಲಿನಲ್ಲಿ ನಡೆದ, 2018ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಗಾಂಜಾದ ಅಮಲಿನ ಅಂಶವಾದ ಟಿಎಚ್‌ಸಿ ಕೊಟ್ಟಾಗ ಹುಸಿಮದ್ದಿಗಿಂತ ಹೆಚ್ಚು ನೋವು ತಗ್ಗಿತು. ಆದರೆ ಅದು ಒಂದೇ ಡೋಸಿನ ಫಲ. ಅದೇ ವರ್ಷ ಕಾಕ್ರೇನ್ ಸಂಸ್ಥೆ ದೀರ್ಘಕಾಲದ ನರನೋವಿನ ಬಗೆಗಿನ 16 ಅಧ್ಯಯನಗಳನ್ನು, ಒಟ್ಟು 1,750 ರೋಗಿಗಳನ್ನು ಪರಿಶೀಲಿಸಿತು. ನೋವು ಅರ್ಧ ಅಥವಾ ಅದಕ್ಕಿಂತ ಹೆಚ್ಚು ಇಳಿದವರು ಗಾಂಜಾ ಔಷಧ ಪಡೆದವರಲ್ಲಿ ನೂರಕ್ಕೆ 21, ಹುಸಿಮದ್ದು ಪಡೆದವರಲ್ಲಿ 17. ಅಡ್ಡಪರಿಣಾಮ ತಾಳದೆ ಬಿಟ್ಟವರು ಕ್ರಮವಾಗಿ 10 ಮತ್ತು 5. ದೀರ್ಘಕಾಲದ ಸೊಂಟನೋವಿರುವ 820 ಮಂದಿಯ ಮೇಲೆ ನಡೆದು 2025ರಲ್ಲಿ ಪ್ರಕಟವಾದ ಪ್ರಯೋಗದಲ್ಲೂ, ಹತ್ತು ಅಂಕಗಳ ಅಳತೆಯಲ್ಲಿ ಹುಸಿಮದ್ದಿಗಿಂತ ಹೆಚ್ಚು ಸಿಕ್ಕ ಉಪಶಮನ ಸುಮಾರು 0.6 ಅಂಕ. ಭರವಸೆಗೆ ಜಾಗವಿದೆ, ರಾಮಬಾಣ ಎನ್ನಲು ಆಧಾರವಿಲ್ಲ. ಈ ಸಣ್ಣ ಲಾಭವೂ ಪ್ರಮಾಣ ಅಳೆದು ತಯಾರಿಸಿದ ಔಷಧದ್ದು. ಕದ್ದುಮುಚ್ಚಿ ಮಾರುವ ಪೊಟ್ಟಣದಲ್ಲಿ ಏನಿದೆ, ಎಷ್ಟಿದೆ ಎಂದು ಯಾರೂ ಖಾತ್ರಿ ಕೊಡಲಾರರು.

ಇನ್ನು ಕಾನೂನು. ಮಾದಕ ವಸ್ತುಗಳನ್ನು ನಿಯಂತ್ರಿಸುವ 1985ರ ಎನ್‌ಡಿಪಿಎಸ್ ಕಾಯ್ದೆಯ 8ನೇ ಕಲಂ ಗಾಂಜಾ ಬೆಳೆಯುವುದು, ಇಟ್ಟುಕೊಳ್ಳುವುದು, ಮಾರುವುದನ್ನು ನಿಷೇಧಿಸುತ್ತದೆ. ವೈದ್ಯಕೀಯ ಮತ್ತು ವೈಜ್ಞಾನಿಕ ಉದ್ದೇಶಕ್ಕೆ, ನಿಯಮ ಮತ್ತು ಪರವಾನಗಿಗೆ ಒಳಪಟ್ಟು ವಿನಾಯಿತಿ ಕೊಡುತ್ತದೆ. ಗಾಂಜಾ ಎಂದರೆ ಗಿಡದ ಹೂ ಅಥವಾ ಕಾಯಿ ಬಿಟ್ಟ ತುದಿ, ಚರಸ್ ಎಂದರೆ ಅದರ ಅಂಟು. ತುದಿಯಿಂದ ಬೇರ್ಪಟ್ಟ ಎಲೆ ಮತ್ತು ಬೀಜ ಈ ವ್ಯಾಖ್ಯೆಯ ಹೊರಗಿವೆ. ಎಲೆಯಿಂದ ತಯಾರಾದ ಆಯುರ್ವೇದ ಔಷಧಗಳು ಪರವಾನಗಿಯೊಂದಿಗೆ ಮಾರುಕಟ್ಟೆಯಲ್ಲಿರುವುದು ಇದರಿಂದಲೇ. ಆದರೂ ಔಷಧ ನಿಯಮಗಳ ಇ(1) ಅನುಸೂಚಿ ಭಂಗಿಯನ್ನು, ಅಂದರೆ ಗಾಂಜಾ ಗಿಡದ ಎಲೆಯನ್ನು, ವಿಷಕಾರಿ ದ್ರವ್ಯಗಳ ಪಟ್ಟಿಯಲ್ಲಿಟ್ಟಿದೆ. ಹೀಗಾಗಿ ಬಾಟಲಿ ಕೈಗೆ ಬಂದಾಗ ಮೊದಲು ಲೇಬಲ್ ಓದಿ: ತಯಾರಿಕಾ ಪರವಾನಗಿ ಸಂಖ್ಯೆ, ಬ್ಯಾಚ್ ಸಂಖ್ಯೆ, ಘಟಕಗಳ ಪಟ್ಟಿ, ವೈದ್ಯರ ಮೇಲ್ವಿಚಾರಣೆಯಲ್ಲೇ ಸೇವಿಸಬೇಕೆಂಬ ಎಚ್ಚರಿಕೆ ಇರಲೇಬೇಕು. ಬಿಲ್ ಮತ್ತು ವೈದ್ಯರ ಚೀಟಿಯನ್ನು ಜೋಪಾನ ಮಾಡಿ.

ಭಂಗಿ ನಿಷೇಧಿತವಲ್ಲ ಎಂದು ಹೈಕೋರ್ಟೇ ಹೇಳಿದೆಯಲ್ಲ ಎಂದು ಕೆಲವರು ವಾದಿಸುತ್ತಾರೆ. 2022ರಲ್ಲಿ ಕರ್ನಾಟಕ ಹೈಕೋರ್ಟ್ ಹಾಗೆ ಹೇಳಿದ್ದು ಜಾಮೀನು ಆದೇಶವೊಂದರಲ್ಲಿ. ವಶಪಡಿಸಿಕೊಂಡ ಭಂಗಿ ಗಾಂಜಾ ಅಥವಾ ಚರಸ್‌ನಿಂದ ತಯಾರಾದದ್ದು ಎನ್ನಲು ಪುರಾವೆ ಇರಲಿಲ್ಲ. ಗಾಂಜಾ ಇಟ್ಟುಕೊಳ್ಳಲು ಅದು ಅನುಮತಿಯಲ್ಲ. ವಿದೇಶದಲ್ಲಿ ವೈದ್ಯರೇ ಬರೆದುಕೊಡುತ್ತಾರೆ ಎಂಬುದು ಇನ್ನೊಂದು ವಾದ. ನಿಜ, ಕೆನಡಾದಲ್ಲಿ ಅದು ಕಾನೂನುಬದ್ಧ. ಆದರೆ ಅಲ್ಲಿರುವ ಮಗ ತಾಯಿಯ ನೋವಿಗೆಂದು ಟಿಎಚ್‌ಸಿ ಎಣ್ಣೆ ತಂದರೆ, ಅಲ್ಲಿನ ಚೀಟಿ ಇಲ್ಲಿನ ವಿಮಾನ ನಿಲ್ದಾಣದಲ್ಲಿ ರಕ್ಷಣೆ ಕೊಡದು. ಅಕ್ರಮ ಆಮದು 23ನೇ ಕಲಮಿನ ಅಪರಾಧ. ರೋಗಿಗೆ ಕರುಣೆ ಬೇಡವೇ ಎಂಬ ಮೂರನೆಯ ಪ್ರಶ್ನೆ ನ್ಯಾಯವಾದದ್ದೇ. ಆದರೆ 1 ಕೆ.ಜಿ.ವರೆಗಿನ ಗಾಂಜಾ ಕಾನೂನಿನ ಲೆಕ್ಕದಲ್ಲಿ ‘ಅಲ್ಪ ಪ್ರಮಾಣ’ವಾದರೂ ಒಂದು ವರ್ಷದವರೆಗೆ ಜೈಲು, ₹10,000ದವರೆಗೆ ದಂಡ ಅಥವಾ ಎರಡೂ ಆಗಬಹುದು. ಸ್ವಂತಕ್ಕೆ ಸೇದಿದರೂ 27ನೇ ಕಲಮಿನಡಿ ಆರು ತಿಂಗಳವರೆಗೆ ಜೈಲು ಅಥವಾ ದಂಡ ಉಂಟು. ನೋವಿಗೆಂದು ತೆಗೆದುಕೊಂಡೆ ಎಂದ ಮಾತ್ರಕ್ಕೆ ಅಪರಾಧ ಅಳಿಯುವುದಿಲ್ಲ.

ಹಾಗೆಂದು ಆರೋಪ ಹೊತ್ತವರು ಹಕ್ಕಿಲ್ಲದವರಲ್ಲ. ಪೊಲೀಸರು ಮೈ ಶೋಧಿಸುವ ಮುನ್ನ, ಪತ್ರಾಂಕಿತ ಅಧಿಕಾರಿ ಅಥವಾ ಮ್ಯಾಜಿಸ್ಟ್ರೇಟ್ ಎದುರು ಶೋಧ ನಡೆಯಲಿ ಎಂದು ಕೇಳುವ ಹಕ್ಕು 50ನೇ ಕಲಮಿನಲ್ಲಿದೆ. ಅದನ್ನು ತಿಳಿಸುವುದು ಪೊಲೀಸರ ಕರ್ತವ್ಯ ಎಂದು 2010ರಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಸ್ಪಷ್ಟಪಡಿಸಿದೆ. ಚೀಲದ ಶೋಧಕ್ಕೆ ಇದು ಅನ್ವಯಿಸದು. ಬಂಧನದ ಕಾರಣ ತಿಳಿಸಲೇಬೇಕು. ಬಂಧನದಲ್ಲಿರುವವರಿಗೆ ಉಚಿತ ಕಾನೂನು ನೆರವು ಉಂಟು, ಸಹಾಯವಾಣಿ 15100. ಸುಳ್ಳು ಜಾಹೀರಾತು ನಂಬಿ ಹಣ ಕಳೆದುಕೊಂಡವರು ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು; ಎರಡು ವರ್ಷದೊಳಗೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡಬಹುದು.

ಔಷಧ ಪ್ರಯೋಗಕ್ಕೆ ಸೇರುವವರಿಗೆ 2019ರ ಕ್ಲಿನಿಕಲ್ ಟ್ರಯಲ್ ನಿಯಮಗಳು ಮಾಹಿತಿಪೂರ್ಣ ಒಪ್ಪಿಗೆ, ಯಾವಾಗ ಬೇಕಾದರೂ ಹೊರಬರುವ ಸ್ವಾತಂತ್ರ್ಯ, ಪ್ರಯೋಗದಿಂದ ಹಾನಿಯಾದರೆ ಚಿಕಿತ್ಸೆ ಮತ್ತು ಪರಿಹಾರವನ್ನು ಖಾತ್ರಿಪಡಿಸುತ್ತವೆ. ಕೇಂದ್ರದ ವೈಜ್ಞಾನಿಕ ಸಂಶೋಧನಾ ಮಂಡಳಿ ಸಿಎಸ್‌ಐಆರ್‌ನ ಜಮ್ಮು ಸಂಸ್ಥೆ ಅನುಮತಿ ಪಡೆದು ಗಾಂಜಾ ಬೆಳೆದು, ನರನೋವಿನ ಔಷಧಕ್ಕಾಗಿ ಸಂಶೋಧನೆ ನಡೆಸುತ್ತಿದೆ. ಅಂದರೆ ಕಾನೂನು ಸಂಶೋಧನೆಗೆ ಅಡ್ಡ ನಿಂತಿಲ್ಲ. ಸಯಾಟಿಕಾ ರೋಗಿಗಳ ಮೇಲೆಯೇ ನಡೆಯುವ ದೊಡ್ಡ ಪ್ರಯೋಗಗಳು ನಮ್ಮ ಸರ್ಕಾರಿ ಆಸ್ಪತ್ರೆಗಳಲ್ಲಿ ನಡೆಯಲಿ, ಫಲಿತಾಂಶ ಜನರ ಮುಂದೆ ಬರಲಿ ಎಂದು ಒತ್ತಾಯಿಸುವುದು ನೋವುಂಡವರ ನ್ಯಾಯವಾದ ಬೇಡಿಕೆ. ಅಲ್ಲಿಯವರೆಗೆ ಪರವಾನಗಿ, ಪುರಾವೆ ಮತ್ತು ವೈದ್ಯರು ಮೂರೂ ಇಲ್ಲದ ಮದ್ದನ್ನು ಬೇಡವೆನ್ನಿ. ಕಾಲು ಬಲ ಕಳೆದುಕೊಂಡರೆ, ಮಲಮೂತ್ರದ ಹಿಡಿತ ತಪ್ಪಿದರೆ, ಒಂದು ಗಂಟೆಯೂ ಕಾಯದೆ ಆಸ್ಪತ್ರೆಗೆ ಹೋಗಿ.