ಕಿಚ್ಚಿಗೆ ಬೆನ್ನು ಕೊಟ್ಟವರು

ಸಂಕ್ರಾಂತಿಯ ಸಂಜೆ ಮೈಸೂರಿನ ಅಂಚಿನ ಸಿದ್ದಲಿಂಗಪುರಕ್ಕೆ ಹೋದರೆ ರಾಸುಗಳಿಗೆ ಪೈಪೋಟಿ ಕೊಡುವಷ್ಟು ಕ್ಯಾಮೆರಾಗಳು ಕಾಣುತ್ತವೆ. ರಸ್ತೆಗೆ ಅಡ್ಡಲಾಗಿ ಬತ್ತದ ಹುಲ್ಲು ಹರಡಿ, ಹೊತ್ತು ಮುಳುಗಿದ ಮೇಲೆ ಬೆಂಕಿ ಕೊಟ್ಟು, ಮೈಗೆ ಅರಿಶಿನ ಬಳಿದು ಕೊಂಬು ಸಿಂಗರಿಸಿದ ಎತ್ತು, ಹಸುಗಳನ್ನು ಅದರ ಮೇಲೆ ಹಾಯಿಸುತ್ತಾರೆ. ಹಳೇ ಮೈಸೂರಿನ ಊರೂರಲ್ಲೂ ಈ ಕಿಚ್ಚು ಉಂಟು. ಬೆಂಗಳೂರು–ಮೈಸೂರು ರಸ್ತೆಯ ಮಗ್ಗುಲಲ್ಲೇ ಇರುವುದರಿಂದ ಸಿದ್ದಲಿಂಗಪುರದ ಚಿತ್ರ ಮಾತ್ರ ಪತ್ರಿಕೆಗಳಲ್ಲಿ ಹೆಚ್ಚು ಓಡಾಡುತ್ತದೆ. ಮೈಮೇಲಿನ ಉಣ್ಣೆ ಉದುರುತ್ತವೆ, ಚಳಿ ಬಿಡುತ್ತದೆ, ದೃಷ್ಟಿ ಕಳೆಯುತ್ತದೆ ಎಂದು ಹಿರಿಯರು ಕಾರಣ ಹೇಳುತ್ತಾರೆ. ದನಗಳಿಗೆ ಹಿಂಸೆ ಎಂಬ ಆಕ್ಷೇಪವೂ ಇದೆ, ಅದನ್ನು ಸುಲಭವಾಗಿ ತಳ್ಳಿಹಾಕುವಂತಿಲ್ಲ. ಫೋಟೋ ತೆಗೆಯುವವರು ರಾಸುಗಳ ಗಾಬರಿಯನ್ನು ಇನ್ನಷ್ಟು ಹೆಚ್ಚಿಸಬಾರದು ಎನ್ನುವುದಂತೂ ನಿರ್ವಿವಾದ.

ಅಲ್ಲಿ ಎಲ್ಲರಿಗೂ ಬೇಕಾದ ಚಿತ್ರ ಒಂದೇ: ಹಿಂದೆ ಆಳೆತ್ತರದ ಉರಿ, ಮುಂದೆ ಹಗ್ಗ ಹಿಡಿದು ಜಿಗಿಯುತ್ತಿರುವ ಮನುಷ್ಯನ ಅಚ್ಚಗಪ್ಪು ಆಕೃತಿ. ಫೋಟೋದವರ ಮಾತಿನಲ್ಲಿ ಸಿಲೌಟ್. ಆದರೆ ಮನೆಗೆ ಬಂದು ನೋಡಿದರೆ ಬಹಳಷ್ಟು ಕ್ಯಾಮೆರಾಗಳಲ್ಲಿ ಉರಿ ಇದ್ದ ಕಡೆ ಬಿಳಿಯ ತೇಪೆ, ಅದರ ಮುಂದೆ ಬೂದುಬಣ್ಣದ ಮುದ್ದೆ.

ಕಾರಣ ಸರಳ. ಕ್ಯಾಮೆರಾದ ಮೀಟರ್ ಇಡೀ ಚೌಕಟ್ಟಿನ ಸರಾಸರಿ ಬೆಳಕನ್ನು ಲೆಕ್ಕ ಹಾಕುತ್ತದೆ. ಚೌಕಟ್ಟಿನ ಬಹುಪಾಲು ಕತ್ತಲೆಯೇ ಆದಾಗ ‘ಬೆಳಕು ಸಾಲದು’ ಎಂದು ತೀರ್ಮಾನಿಸಿ ಶಟರನ್ನು ಹೆಚ್ಚು ಹೊತ್ತು ತೆರೆದಿಡುತ್ತದೆ. ಕತ್ತಲೆ ಬೂದುಬಣ್ಣಕ್ಕೆ ತಿರುಗುತ್ತದೆ, ಬೆಂಕಿ ಬೆಳ್ಳಗಾಗುತ್ತದೆ. ಹಾಗಾಗಿ ಅನುಭವಿಗಳು ಮೊದಲು ಮಾಡುವುದು ಕ್ಯಾಮೆರಾವನ್ನು ಮ್ಯಾನ್ಯುಯಲ್‌ಗೆ ತಿರುಗಿಸುವುದು. ಐಎಸ್‌ಒ 800, ಅಪರ್ಚರ್ ಎಫ್/4, ಶಟರ್ 1/500 ಸೆಕೆಂಡು: ಹುಲ್ಲಿನ ದೊಡ್ಡ ಉರಿಗೆ ಇದು ಶುರು ಮಾಡಲು ತಕ್ಕ ಲೆಕ್ಕ. ಈ ವೇಗದಲ್ಲಿ ಉರಿಯ ನಾಲಗೆಗಳು ಬಿಡಿಬಿಡಿಯಾಗಿ ಕಾಣುತ್ತವೆ, ಜಿಗಿತವೂ ಕಲಸಿಹೋಗುವುದಿಲ್ಲ. 1/30ಕ್ಕೆ ಇಳಿಸಿದರೆ ಬೆಂಕಿ ನಯವಾಗಿ ಹರಿದಂತೆ ಬರುತ್ತದೆ, ಆದರೆ ಮುಂದಿರುವವರು ಅಲುಗಾಡದೆ ನಿಂತಿರಬೇಕು. ಕಿಚ್ಚಿನಲ್ಲಿ ನಿಲ್ಲುವವರು ಯಾರು?

ಕೆಂಪಿನ ವಿಚಾರದಲ್ಲಿ ಇನ್ನೊಂದು ತೊಡಕಿದೆ. ಉರಿಯ ಹಳದಿ-ಕೇಸರಿ ಬಣ್ಣ ಬರುವುದು ಕಾದು ಹೊಳೆಯುವ ಮಸಿಯ ಕಣಗಳಿಂದ. ಆ ಬೆಳಕಿನಲ್ಲಿ ಕೆಂಪು ವಿಪರೀತ, ನೀಲಿ ಅತ್ಯಲ್ಪ. ಕ್ಯಾಮೆರಾದ ಮೂರು ಬಣ್ಣಗಳ ಪೈಕಿ ಕೆಂಪೇ ಮೊದಲು ತುಂಬಿ ಚೆಲ್ಲುತ್ತದೆ. ಬೆಳಕಿನ ಹಂಚಿಕೆ ತೋರಿಸುವ ಒಟ್ಟಾರೆ ಹಿಸ್ಟೋಗ್ರಾಂ ನೋಡಿದರೆ ಎಲ್ಲವೂ ಸರಿಯಾಗಿದೆ ಎನ್ನಿಸುತ್ತದೆ. ಮೂರೂ ಬಣ್ಣಗಳನ್ನು ಪ್ರತ್ಯೇಕವಾಗಿ ತೋರಿಸುವ ಹಿಸ್ಟೋಗ್ರಾಂ ತೆರೆದಾಗಲೇ ನಿಜ ತಿಳಿಯುತ್ತದೆ. ಕೆಂಪು ಬಲತುದಿಗೆ ಅಂಟಿಕೊಂಡಿದ್ದರೆ ಇನ್ನೊಂದು ಸ್ಟಾಪ್ ಇಳಿಸಬೇಕು, ಅಂದರೆ ಬೆಳಕನ್ನು ಅರ್ಧಕ್ಕೆ ತರಬೇಕು. ವೈಟ್ ಬ್ಯಾಲೆನ್ಸನ್ನು ಆಟೋದಲ್ಲಿ ಬಿಟ್ಟರೆ ಕ್ಯಾಮೆರಾ ಕೇಸರಿಯನ್ನೇ ದೋಷವೆಂದು ಬಗೆದು ತೊಳೆದುಹಾಕುತ್ತದೆ; ಹಗಲಿನ ಬೆಳಕಿಗೆ, ಅಂದರೆ 5,200 ಕೆಲ್ವಿನ್ ಆಸುಪಾಸಿಗೆ ಕಟ್ಟಿಹಾಕಿದರೆ ಉರಿಯ ಬಣ್ಣ ಉಳಿಯುತ್ತದೆ. ಕಪ್ಪು ಭಾಗದಲ್ಲಿ ಕಾಳುಕಾಳು ನಾಯ್ಸ್ ಬಂದೀತೆಂದು ಹೆದರಬೇಕಿಲ್ಲ. ಹೇಗೂ ಅದನ್ನು ಅಚ್ಚಗಪ್ಪಾಗಿಸುವುದೇ ಉದ್ದೇಶ.

ಆದರೆ ಈ ಅಂಕಿಗಳನ್ನೆಲ್ಲ ಬಾಯಿಪಾಠ ಮಾಡಿದವರ ಚಿತ್ರವೂ ಸಪ್ಪೆಯಾಗುವುದನ್ನು ನಾನು ಕಂಡಿದ್ದೇನೆ. ಅಂಥ ಕಡೆ ತಪ್ಪಿರುವುದು ಸಾಮಾನ್ಯವಾಗಿ ನಿಂತ ಜಾಗ.

ಒಬ್ಬ ಮನುಷ್ಯ ಬೆಂಕಿಗಿಂತ ಹತ್ತು ಮೀಟರ್ ಈಚೆ ನಿಂತಿದ್ದಾನೆ ಎಂದುಕೊಳ್ಳಿ. ಅವನಿಂದ ಐದು ಮೀಟರ್ ದೂರದಲ್ಲಿ ನಿಂತು ತೆಗೆದರೆ, ಅವನ ಪಕ್ಕದಲ್ಲೇ ಇದ್ದಿದ್ದರೆ ಎಷ್ಟು ದೊಡ್ಡದಾಗಿ ಕಾಣುತ್ತಿತ್ತೋ ಅದರ ಮೂರನೇ ಒಂದು ಭಾಗದಷ್ಟೇ ಬೆಂಕಿ ಕಾಣುತ್ತದೆ. ಅದೇ ಮನುಷ್ಯನನ್ನು ನಲವತ್ತು ಮೀಟರ್ ದೂರಕ್ಕೆ ಸರಿದು ಉದ್ದದ ಲೆನ್ಸಿನಲ್ಲಿ ನೋಡಿದರೆ ಬೆಂಕಿ ಐದರಲ್ಲಿ ನಾಲ್ಕು ಪಾಲು ಗಾತ್ರಕ್ಕೆ ಏರುತ್ತದೆ. ಉರಿ ಆಳಿಗಿಂತ ಸಾಕಷ್ಟು ಎತ್ತರವಿದ್ದರೆ ಅವನ ತಲೆಯ ಮೇಲೂ ಕಾಣುತ್ತದೆ. ಬೆಂಕಿ ದೊಡ್ಡದಾಗಬೇಕಾದರೆ ಹತ್ತಿರ ಹೋಗಬೇಕೆಂದು ಕಾಲು ಹೇಳುತ್ತದೆ, ಮಾಡಬೇಕಾದ್ದು ತದ್ವಿರುದ್ಧ. ದೂರ ಹೋದರೆ ಬೆಳಕು ಕಡಿಮೆಯಾದೀತು ಎಂಬ ಅಳುಕೂ ಬೇಡ. ಉರಿಯನ್ನೇ ನೇರವಾಗಿ ಚಿತ್ರಿಸುವಾಗ ಅದರ ಮೇಲ್ಮೈ ಹೊಳಪು ಹತ್ತಿರದಿಂದಲೂ ದೂರದಿಂದಲೂ ಒಂದೇ. ಎಕ್ಸ್‌ಪೋಶರ್ ಬದಲಿಸುವ ಅಗತ್ಯವಿಲ್ಲ.

ಛಾಯಾಗ್ರಾಹಕ ಸ್ಟೀವ್ ಮೆಕರಿ 1991ರಲ್ಲಿ ಕುವೈತಿನಲ್ಲಿ ತೆಗೆದ ಒಂಟೆಗಳ ಚಿತ್ರವನ್ನು ಈ ಕಣ್ಣಿನಿಂದ ಮತ್ತೆ ನೋಡಬೇಕು. ಇರಾಕಿ ಸೇನೆ ಹಿಂದೆಗೆಯುವಾಗ ಬೆಂಕಿ ಇಟ್ಟಿದ್ದ ತೈಲಬಾವಿಗಳು ಹಿಂದೆ ಉರಿಯುತ್ತಿವೆ, ಮುಂದೆ ಒಂಟೆಗಳು ದಿಕ್ಕುಗೆಟ್ಟು ನಡೆಯುತ್ತಿವೆ. ಹಗಲನ್ನೂ ಕತ್ತಲು ಮಾಡಿದ ಹೊಗೆ ಅದು. ಒಂಟೆಯೆಂದು ಗುರುತು ಸಿಗುವುದು ಸಪೂರ ಕಾಲುಗಳ ನಡುವಿನ ಖಾಲಿ ಜಾಗದಿಂದ, ಕತ್ತಿನ ಬಾಗಿನಿಂದ. ಟೆರೆನ್ಸ್ ಮಲಿಕ್ ಅವರ ‘ಡೇಸ್ ಆಫ್ ಹೆವನ್’ (1978) ಸಿನಿಮಾದಲ್ಲಿ ಗೋಧಿ ಹೊಲ ರಾತ್ರಿ ಹೊತ್ತಿ ಉರಿಯುವ ಭಾಗ ನಮ್ಮ ಕಿಚ್ಚಿಗೆ ಇನ್ನೂ ಹತ್ತಿರ; ಅಲ್ಲೂ ಉರಿಯುವುದು ಪೈರು, ಮುಂದೆ ಓಡುವವರು ಕಪ್ಪು ಆಕೃತಿಗಳು. ಆ ಚಿತ್ರದ ಛಾಯಾಗ್ರಹಣಕ್ಕೆ ನೆಸ್ಟರ್ ಅಲ್ಮೆಂಡ್ರೋಸ್ ಆಸ್ಕರ್ ಪಡೆದರು.

ಸಿಲೌಟ್‌ನಲ್ಲಿ ಮುಖವಿಲ್ಲ, ಬಟ್ಟೆಯ ಬಣ್ಣವಿಲ್ಲ. ಉಳಿಯುವುದು ಅಂಚು ಮಾತ್ರ. ಈ ವಿಷಯದಲ್ಲಿ ಹಳ್ಳಿಕಾರ್ ತಳಿಗೆ ಸಾಟಿಯಿಲ್ಲ: ನೆತ್ತಿಯ ಮೇಲೆ ಒತ್ತೊತ್ತಾಗಿ ಹುಟ್ಟಿ, ಹಿಂದಕ್ಕೆ ಬಾಗಿ ಮೇಲೇಳುವ ಉದ್ದ ಕೊಂಬು ಉರಿಯ ಎದುರು ಗೆರೆ ಎಳೆದಂತೆ ನಿಲ್ಲುತ್ತದೆ. ಆದರೆ ಕೊಂಬಿಗೆ ಬಲೂನು ಕಟ್ಟಿದ್ದರೆ ಆ ಗೆರೆಯೂ ಗುಡ್ಡೆಯಾಗುತ್ತದೆ. ಮನುಷ್ಯರದ್ದೂ ಅಷ್ಟೆ. ಕ್ಯಾಮೆರಾ ಕಡೆಗೆ ನೇರವಾಗಿ ತಿರುಗಿದವನು ಕಂಬದಂತಾಗುತ್ತಾನೆ, ಪಕ್ಕಕ್ಕೆ ತಿರುಗಿದರೆ ಮೂಗು, ಗದ್ದ, ತಲೆಗೆ ಸುತ್ತಿದ ಟವಲು ಎಲ್ಲ ಕಾಣುತ್ತವೆ. ಇಬ್ಬರು ಒಬ್ಬರ ಮೇಲೊಬ್ಬರು ಬಿದ್ದರೆ ನಾಲ್ಕು ಕೈಯ ವಿಚಿತ್ರ ಪ್ರಾಣಿ ತಯಾರು. ಜಿಗಿತವನ್ನು ಬಿಡಿಸಿ ತೋರಿಸಲು ಸುಲಭದ ಉಪಾಯ ಕುಕ್ಕರುಗಾಲಲ್ಲಿ ಕೂರುವುದು. ಕ್ಯಾಮೆರಾ ಮಂಡಿಯ ಮಟ್ಟಕ್ಕೆ ಇಳಿದರೆ ಜಿಗಿಯುವವರ ಪಾದ ನೆಲದಿಂದ ಬಿಡಿಸಿಕೊಂಡು, ನಡುವೆ ಬೆಂಕಿಯ ಪಟ್ಟಿ ಕಾಣುತ್ತದೆ. ಆ ಪಟ್ಟಿ ಇಲ್ಲದೆ ಜಿಗಿತ ಜಿಗಿತವೆನಿಸುವುದಿಲ್ಲ.

ಹುಲ್ಲಿನ ಉರಿ ಏಳುವುದೂ ಬೇಗ, ಬೀಳುವುದೂ ಬೇಗ. ಹುಲ್ಲು ಹಸಿಯಾಗಿದ್ದರೆ ಮೊದಲು ದಟ್ಟ ಹೊಗೆ. ಹೊಗೆ ಬಂದಾಗ ಹಲವರು ಕ್ಯಾಮೆರಾ ಕೆಳಗಿಳಿಸುತ್ತಾರೆ, ನನಗೆ ಅದೇ ಒಳ್ಳೆಯ ಕ್ಷಣ. ಹಿಂದಿನಿಂದ ಬೆಳಕು ಬಿದ್ದ ಹೊಗೆ ಕೇಸರಿ ಪರದೆಯಾಗಿ ಹರಡುತ್ತದೆ, ಉರಿಗಿಂತ ಎಷ್ಟೋ ಪಟ್ಟು ಅಗಲಕ್ಕೆ. ಅದರ ಮುಂದೆ ನಿಂತ ಇಡೀ ಜನಸಾಲು ಸಿಲೌಟ್ ಆಗುತ್ತದೆ. ಹೊಗೆಯ ಹೊಳಪು ಉರಿಗಿಂತ ಕಡಿಮೆಯಾದ್ದರಿಂದ ಎರಡು ಸ್ಟಾಪ್‌ನಷ್ಟು ಹೆಚ್ಚಿಸಿಕೊಳ್ಳಬೇಕಾಗುತ್ತದೆ. ಆಟೋಫೋಕಸ್ ಮಾತ್ರ ಹೊಗೆಯಲ್ಲೂ ಬಿಸಿಗಾಳಿಯ ನಡುಕದಲ್ಲೂ ಅತ್ತಿತ್ತ ತಡಕಾಡುತ್ತದೆ. ಬೆಂಕಿ ಹಚ್ಚುವ ಮುಂಚೆಯೇ ಹುಲ್ಲಿನ ಅಂಚಿಗೆ ಫೋಕಸ್ ಮಾಡಿ ಬೀಗ ಹಾಕಿಬಿಡುವುದು ವಾಸಿ. ಜನವರಿ ಮಧ್ಯದಲ್ಲಿ ಮೈಸೂರಿನಲ್ಲಿ ಆರೂಕಾಲರ ಸುಮಾರಿಗೆ ಸೂರ್ಯ ಮುಳುಗುತ್ತಾನೆ. ಆಮೇಲಿನ ಅರ್ಧ ಗಂಟೆಯೊಳಗೆ ಮೊದಲ ಕಿಚ್ಚು ಎದ್ದರೆ ಆಕಾಶದಲ್ಲಿ ಇನ್ನೂ ನೀಲಿ ಉಳಿದಿರುತ್ತದೆ, ಉರಿಯ ಮೇಲೆ ಎದ್ದ ತಲೆಗಳೂ ಆ ನೀಲಿಯ ಎದುರು ಸ್ಪಷ್ಟ.

ಸಿಲೌಟ್‌ನ ದೊಡ್ಡ ಶತ್ರು ನಮ್ಮ ಬೆನ್ನ ಹಿಂದಿನ ಬೆಳಕು. ಬೀದಿದೀಪ, ಟಿವಿಯವರ ಎಲ್‌ಇಡಿ, ನೂರಾರು ಮೊಬೈಲ್‌ಗಳ ಟಾರ್ಚು. ಕಪ್ಪಾಗಬೇಕಾದ ಮೈಮೇಲೆ ಅಂಗಿಯ ಚೌಕಳಿ ಕಾಣಿಸಿಕೊಳ್ಳುತ್ತದೆ. ಮೊಬೈಲಿನ ನೈಟ್ ಮೋಡ್ ಇನ್ನೊಂದು ಉಪದ್ರವ. ಹಲವು ಚಿತ್ರಗಳನ್ನು ಬೆಸೆದು, ಕತ್ತಲನ್ನು ಎತ್ತಿ, ಕೇಳದ ಮುಖಗಳನ್ನೆಲ್ಲ ತೋರಿಸುತ್ತದೆ. ನಡುವೆ ಯಾರಾದರೂ ಓಡಿದರೆ ಎರಡೆರಡು ತಲೆ. ಅದನ್ನು ಆರಿಸಿ, ಪರದೆಯಲ್ಲಿ ಉರಿಯನ್ನು ಮುಟ್ಟಿ, ಬೆಳಕನ್ನು ಕೆಳಗೆಳೆದರೆ ಮೊಬೈಲೂ ಚೆನ್ನಾಗಿಯೇ ತೆಗೆಯುತ್ತದೆ. ಫ್ಲ್ಯಾಶ್ ಬಗ್ಗೆ ಊರವರೇ ಹೇಳುತ್ತಾರೆ: “ಲೈಟ್ ಹೊಡೀಬೇಡಿ ಸಾರ್, ದನ ಬೆಚ್ತವೆ.”

ಎಲ್ಲಕ್ಕಿಂತ ಕಷ್ಟದ ಪ್ರಶ್ನೆ ಇಲ್ಲೇ ಇದೆ. ರಾಸು ಉರಿಯನ್ನು ದಾಟಿ ಹೊರಬರುವ ದಿಕ್ಕಿನಲ್ಲಿ ನಿಂತರೆ ಬೆಂಕಿ ಅದರ ಹಿಂದಿರುತ್ತದೆ, ಅತ್ಯುತ್ತಮ ಸಿಲೌಟ್ ಸಿಗುತ್ತದೆ. ಗಾಬರಿಗೊಂಡ ಎತ್ತು ಓಡಿಬರುವ ದಾರಿಯೂ ಅದೇ. ಹಗ್ಗ ಹಿಡಿದವರ ಹತೋಟಿಯಲ್ಲೂ ಆಗ ಅದು ಪೂರ್ತಿ ಇರುವುದಿಲ್ಲ. ಎದುರಿಗೆ ಕ್ಯಾಮೆರಾಗಳ ಗೋಡೆ ಕಂಡರೆ ಅದು ಹಿಂದಕ್ಕೆ, ಬೆಂಕಿಯತ್ತಲೇ ತಿರುಗಲೂಬಹುದು. ಆದ್ದರಿಂದ ದಾರಿಯನ್ನು ಪೂರ್ತಿ ಬಿಟ್ಟು, ಓರೆಯಾಗಿ, ಗೋಡೆಯ ಅಥವಾ ಟ್ರ್ಯಾಕ್ಟರಿನ ಮರೆಯಲ್ಲಿ ನಿಲ್ಲಬೇಕು. ಓರೆಯಿಂದ ಉರಿಯ ಅಗಲ ಸ್ವಲ್ಪ ಕುಗ್ಗುತ್ತದೆ, ಆಕೃತಿಯ ಅಂಚಿನಲ್ಲಿ ಕೆಂಪು ಗೆರೆ ಮೂಡುತ್ತದೆ. ನನಗೆ ಆ ಗೆರೆ ಇಷ್ಟ. ಅಚ್ಚಗಪ್ಪೇ ಬೇಕೆಂಬ ಹಟದವರು ರಾಸುಗಳ ಸರದಿ ಮುಗಿಯಲಿ ಎಂದು ಕಾಯಬಹುದು. ಉಳಿದ ಹುಲ್ಲಿನ ಮೇಲೆ ಹುಡುಗರು ಹಾರತೊಡಗಿದರೆ ಆಗ ಎದುರಿಗೇ ನಿಲ್ಲಬಹುದು.

ಬೇರೆ ಬೆಂಕಿಗಳ ಲೆಕ್ಕ ಬೇರೆ. ಹೋಳಿಯ ಕಾಮದಹನದಲ್ಲಿ ಕಟ್ಟಿಗೆಯ ಉರಿ ಬಹಳ ಹೊತ್ತು ನಿಲ್ಲುತ್ತದೆ, ಜನ ಸುತ್ತ ವೃತ್ತವಾಗಿ ನಿಂತಿರುತ್ತಾರೆ. ಈಚೆ ಕಡೆಯವರು ಕಪ್ಪು, ಆಚೆ ಕಡೆಯವರ ಮುಖ ಕೆಂಪು. ಎರಡೂ ಒಂದೇ ಚೌಕಟ್ಟಿನಲ್ಲಿ ಸಿಗುತ್ತವೆ. ತುಳುನಾಡಿನ ದೈವಾರಾಧನೆಯಾದ ಒತ್ತೆಕೋಲದಲ್ಲಿ ಸೌದೆಯ ರಾಶಿ ಉರಿದು ಕೆಂಡವಾದ ಮೇಲೆ ಹಿನ್ನೆಲೆಗೆ ಉರಿಯೇ ಇರುವುದಿಲ್ಲ. ಕೆಂಡ ಕೆಳಗಿನಿಂದ ಬೆಳಗುತ್ತದೆ, ಸಿಲೌಟ್ ಹುಡುಕಿ ಪ್ರಯೋಜನವಿಲ್ಲ. ದೈವದ ಚಿತ್ರ ತೆಗೆಯಬಹುದೇ ಎಂದು ಮನೆತನದವರನ್ನೋ ಆಡಳಿತದವರನ್ನೋ ಕೇಳದೆ ಕ್ಯಾಮೆರಾ ಎತ್ತುವಂತೆಯೂ ಇಲ್ಲ.

ಸಿಲೌಟ್‌ನಿಂದ ರಾಸಿನ ಯಜಮಾನರಿಗೆ ಯಾವ ಲಾಭವೂ ಇಲ್ಲ ಎನ್ನುವುದನ್ನೂ ಹೇಳಬೇಕು. ಬೆಳಗಿನಿಂದ ಮೈ ತೊಳೆದು, ಕೊಂಬು ಹೆರೆದು ಬಣ್ಣ ಬಳಿದು, ಹೊಸ ಹಗ್ಗ ಹಾಕಿದವರಿಗೆ ಕಪ್ಪು ಆಕೃತಿ ತೋರಿಸಿದರೆ, “ಇದ್ರಲ್ಲಿ ನಮ್ದು ಯಾವ್ದು ಸಾರ್?” ಎಂದು ಕೇಳುವುದು ಸಹಜ. ಮಧ್ಯಾಹ್ನ ನಾಲ್ಕಕ್ಕೇ ಊರು ಸೇರಿ, ಇಳಿಬಿಸಿಲಿನಲ್ಲಿ ಎತ್ತನ್ನೂ ಮನೆಯವರನ್ನೂ ಒಟ್ಟಿಗೆ ನಿಲ್ಲಿಸಿ ತೆಗೆದ ಬಣ್ಣದ ಚಿತ್ರವನ್ನು ಅಲ್ಲೇ ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿಬಿಡುವುದು ಈಗ ನನ್ನ ಪದ್ಧತಿ. ಕಿಚ್ಚು ಯಾವ ಕಡೆಯಿಂದ ಹಚ್ಚುತ್ತಾರೆ, ಮೊದಲು ಯಾರ ರಾಸು ಹಾಯುತ್ತದೆ, ಎಲ್ಲಿ ನಿಂತರೆ ಅಡ್ಡಿಯಿಲ್ಲ ಎಂಬುದೆಲ್ಲ ಆ ಹೊತ್ತಿನ ಮಾತಿನಲ್ಲೇ ಗೊತ್ತಾಗುತ್ತದೆ.