ಹತ್ತನೆಯವನು ಎಲ್ಲಿ?

ಮಕ್ಕಳೇ, 'ನೀನು ಯಾರು?' ಎಂದು ಕೇಳಿದರೆ ಏನು ಹೇಳುತ್ತೀರಿ? ಮೊದಲು ಹೆಸರು ಹೇಳುತ್ತೀರಿ. ಆಮೇಲೆ ಊರು, ತರಗತಿ, ತಂದೆ ತಾಯಿಯರ ಹೆಸರು ಹೇಳುತ್ತೀರಿ.

ಗಡಿನಾಡಿನ ಮಕ್ಕಳಾದ ನಮಗೆ ಇನ್ನೊಂದು ಪ್ರಶ್ನೆಯೂ ಎದುರಾಗುತ್ತದೆ. ಮನೆಯಲ್ಲಿ ತುಳುವೋ ಕೊಂಕಣಿಯೋ ಇರುತ್ತದೆ. ಶಾಲೆಯಲ್ಲಿ ಕನ್ನಡ. ಬಸ್ಸಿನಲ್ಲಿ, ಅಂಗಡಿಯಲ್ಲಿ ಮಲಯಾಳ. 'ನೀನು ಕನ್ನಡದವನೋ, ಮಲಯಾಳದವನೋ?' ಎಂದು ಯಾರೋ ಕೇಳುತ್ತಾರೆ. ಕೇಳುವವರ ದನಿ ಒರಟಾಗಿದ್ದರೆ ಮನಸ್ಸಿಗೆ ನೋವಾಗುತ್ತದೆ. ಹಾಗಾದರೆ ನಿಜವಾಗಿ ನಾನು ಯಾರು? ಈ ಪ್ರಶ್ನೆಯನ್ನು ಬಹಳ ಹಿಂದಿನವರೂ ಕೇಳಿದ್ದರು. ಅವರ ಒಂದು ಕಥೆಯನ್ನು ಓದೋಣ.

ವಯನಾಡು ಜಿಲ್ಲೆಯಲ್ಲಿ ಕಾಟ್ಟಿಕುಳಂ ಎಂಬ ಊರಿದೆ. ಮಲಯಾಳದ 'ಕುಳಂ' ಎಂದರೆ ನಮ್ಮ ಕನ್ನಡದ ಕೊಳ. ಮಾನಂತವಾಡಿಯಿಂದ ಬರುವ ರಸ್ತೆ ಇಲ್ಲಿ ಕವಲೊಡೆಯುತ್ತದೆ. ಒಂದು ಕವಲು ತಿರುನೆಲ್ಲಿ, ತೋಲ್ಪೆಟ್ಟಿಗಳ ಕಡೆಗೆ ಹೋಗುತ್ತದೆ. ಇನ್ನೊಂದು ಬಾವಲಿಗೆ ಹೋಗುತ್ತದೆ. ಬಾವಲಿಯ ಸೇತುವೆ ದಾಟಿದರೆ ಕರ್ನಾಟಕ. ನಮ್ಮ ಕಥೆಯಲ್ಲಿ ಒಂದು ಹೊಳೆ ಬರುತ್ತದೆ. ಅದು ಯಾವ ಹೊಳೆ ಎಂದು ಹಿರಿಯರು ಹೇಳಿಲ್ಲ. ನಾವು ಅದನ್ನು ಬಾವಲಿಯ ಹೊಳೆ ಎಂದೇ ಭಾವಿಸೋಣ.

ಹತ್ತು ಮಂದಿ ಗೆಳೆಯರು ಹೊಳೆ ದಾಟಿದರು. ನೀರಿನ ಸೆಳೆತ ಜೋರಾಗಿತ್ತು. ದಡ ಸೇರಿದ ಮೇಲೆ ಒಬ್ಬನಿಗೆ ಸಂಶಯ ಬಂತು. ಎಲ್ಲರೂ ದಾಟಿದೆವೋ ಇಲ್ಲವೋ? ಅವನು ಎಣಿಸಿದ. ಒಂಬತ್ತು! ಇನ್ನೊಬ್ಬ ಎಣಿಸಿದ. ಒಂಬತ್ತು! ಪ್ರತಿಯೊಬ್ಬನೂ ಎಣಿಸಿದ. ಎಲ್ಲರಿಗೂ ಒಂಬತ್ತೇ ಸಿಕ್ಕಿತು. 'ಅಯ್ಯೋ, ಒಬ್ಬ ನೀರುಪಾಲಾದ!' ಎಂದು ಎಲ್ಲರೂ ಅಳತೊಡಗಿದರು.

ಆ ದಾರಿಯಾಗಿ ಒಬ್ಬ ಅಜ್ಜ ಬಂದರು.

"ಯಾಕೆ ಮಕ್ಕಳೇ, ಅಳುತ್ತಿದ್ದೀರಿ?"

"ಅಜ್ಜಾ, ನಾವು ಹತ್ತು ಮಂದಿ ಇದ್ದೆವು. ಒಬ್ಬ ಹೋಗಿಬಿಟ್ಟ."

ಅಜ್ಜ ಒಮ್ಮೆ ನೋಡಿದರು. ಹತ್ತು ಮಂದಿಯೂ ಅಲ್ಲೇ ಇದ್ದರು! ಅವರು ನಗಲಿಲ್ಲ, ಗದರಲೂ ಇಲ್ಲ. "ಎಲ್ಲಿ, ನನ್ನೆದುರು ಒಮ್ಮೆ ಎಣಿಸು ಮಗಾ" ಎಂದರು. ಹುಡುಗ ಬೆರಳು ತೋರಿಸುತ್ತಾ ಒಂಬತ್ತರವರೆಗೆ ಎಣಿಸಿ ನಿಂತ. ಅಜ್ಜ ಅವನ ಬೆರಳನ್ನು ಮೆಲ್ಲನೆ ಹಿಡಿದು ಅವನ ಎದೆಯ ಕಡೆಗೇ ತಿರುಗಿಸಿದರು. "ಹತ್ತನೆಯವನು ನೀನೇ!" ಎಂದರು.

ಆ ಹುಡುಗನ ಅಳು ಅಲ್ಲಿಗೇ ನಿಂತಿತು. ಉಳಿದವರೂ ಎಣಿಸಿದರು. ಪ್ರತಿಯೊಬ್ಬನೂ ಕೊನೆಗೆ ತನ್ನ ಎದೆಯನ್ನೇ ಮುಟ್ಟಿಕೊಂಡ.

ಅಜ್ಜ ಹೊಸಬನೊಬ್ಬನನ್ನು ಕರೆತಂದರೇ? ಇಲ್ಲ. ಇದ್ದುದನ್ನೇ ತೋರಿಸಿದರು. 'ನೀವು ಹತ್ತು ಮಂದಿ' ಎಂದು ಚೀಟಿಯಲ್ಲಿ ಬರೆದುಕೊಟ್ಟಿದ್ದರೆ ಸಾಕಾಗುತ್ತಿತ್ತೇ? ಹತ್ತು ಮಂದಿ ಎಂಬುದು ಹುಡುಗರಿಗೂ ಗೊತ್ತಿತ್ತು. ಎಣಿಕೆ ಎಲ್ಲಿ ತಪ್ಪುತ್ತಿದೆ ಎಂಬುದು ಮಾತ್ರ ಗೊತ್ತಿರಲಿಲ್ಲ. ಅದನ್ನು ಎದುರಿಗಿದ್ದು ನೋಡುವ ಒಬ್ಬರು ಬೇಕಾಗಿತ್ತು. ಪುಸ್ತಕ ಇದ್ದರೂ ಗುರು ಬೇಕು ಎಂದು ಹಿರಿಯರು ಹೇಳುವುದು ಇದಕ್ಕಾಗಿಯೇ.

ಈ ಕಥೆಯನ್ನು ಅದ್ವೈತವನ್ನು ಕಲಿಸುವ ಗುರುಗಳು ಹೇಳುತ್ತಾ ಬಂದಿದ್ದಾರೆ. ಅದ್ವೈತ ಎಂದರೆ 'ಎರಡಲ್ಲ' ಎಂದು ಅರ್ಥ. ಎಲ್ಲ ಜೀವಿಗಳ ಒಳಗೆ ಬೆಳಗುವ ಅರಿವು ಒಂದೇ, ಬೇರೆ ಬೇರೆಯಲ್ಲ ಎಂಬುದು ಆ ವಿಚಾರ. ಇದನ್ನು ನಾಡಿಗೆಲ್ಲ ಸಾರಿದ ಶಂಕರಾಚಾರ್ಯರು ಹುಟ್ಟಿದ್ದು ನಮ್ಮ ಕೇರಳದ ಕಾಲಡಿಯಲ್ಲಿ.

ನಮಗೆ ಹತ್ತಿರದ ಕಾಲದಲ್ಲಿಯೂ ಇಂತಹ ಗುರುಗಳಿದ್ದರು. ತಮಿಳುನಾಡಿನ ತಿರುಚ್ಚುಳಿಯಲ್ಲಿ 1879ರಲ್ಲಿ ವೆಂಕಟರಾಮನ್ ಎಂಬ ಬಾಲಕ ಹುಟ್ಟಿದನು. ಅವನು ಮಧುರೆಯಲ್ಲಿ ಚಿಕ್ಕಪ್ಪನ ಮನೆಯಲ್ಲಿದ್ದು ಓದುತ್ತಿದ್ದನು. ಹದಿನಾರನೆಯ ವಯಸ್ಸಿನಲ್ಲಿ ಒಂದು ದಿನ ಅವನಿಗೆ ಇದ್ದಕ್ಕಿದ್ದಂತೆ ಸಾವಿನ ಭಯವಾಯಿತು. ಅವನು ಓಡಿಹೋಗಲಿಲ್ಲ. ಸತ್ತವರಂತೆ ನೆಲದ ಮೇಲೆ ಮಲಗಿದನು. 'ಸಾಯುವುದು ಈ ದೇಹ. ಹಾಗಾದರೆ ನಾನು ಎಂಬುದು ಯಾವುದು?' ಎಂದು ತನ್ನೊಳಗೇ ಹುಡುಕಿದನು. ಭಯ ದೂರವಾಯಿತು. 1896ರಲ್ಲಿ ಅವನು ಮನೆ ಬಿಟ್ಟು ತಿರುವಣ್ಣಾಮಲೈಗೆ ಹೋದನು. ಮುಂದೆ ಲೋಕವು ಅವರನ್ನು ರಮಣ ಮಹರ್ಷಿ ಎಂದು ಕರೆಯಿತು.

1902ರಲ್ಲಿ ಶಿವಪ್ರಕಾಶಂ ಪಿಳ್ಳೈ ಎಂಬವರು ಅವರನ್ನು ನೋಡಲು ಬಂದರು. ಇವರು ಕಂದಾಯ ಇಲಾಖೆಯ ನೌಕರರು. ರಮಣರು ಆಗ ಅರುಣಾಚಲ ಬೆಟ್ಟದ ವಿರೂಪಾಕ್ಷ ಗುಹೆಯಲ್ಲಿದ್ದರು. ಅವರು ಮಾತನಾಡುತ್ತಿರಲಿಲ್ಲ. ಪಿಳ್ಳೈಯವರು ಕೇಳಿದ ಮೊದಲ ಪ್ರಶ್ನೆ ಯಾವುದು ಗೊತ್ತೇ? 'ನಾನು ಯಾರು?' ಎಂಬುದೇ! ರಮಣರು ಉತ್ತರಗಳನ್ನು ಬರೆದು ತೋರಿಸಿದರು. ಹೀಗೆ ಪ್ರಶ್ನೆ ಕೇಳುತ್ತಾ, ಉತ್ತರ ಬರೆಯುತ್ತಾ ಪಾಠ ನಡೆಯಿತು. ಅವು 1923ರಲ್ಲಿ ತಮಿಳಿನಲ್ಲಿ ಪುಸ್ತಕವಾಗಿ ಅಚ್ಚಾದವು.

ರಮಣರು ಕಲಿಸಿದ ದಾರಿ ಸರಳವಾದುದು. ಸುಮ್ಮನೆ ಕುಳಿತಾಗ ಮನಸ್ಸಿಗೆ ಒಂದು ಯೋಚನೆ ಬರುತ್ತದೆ. ಅದರ ಹಿಂದೆ ಓಡಬೇಡಿ. 'ಈ ಯೋಚನೆ ಯಾರಿಗೆ ಬಂತು?' ಎಂದು ಕೇಳಿಕೊಳ್ಳಿರಿ. 'ನನಗೆ' ಎಂಬ ಉತ್ತರ ಬರುತ್ತದೆ. 'ಆ ನಾನು ಯಾರು?' ಎಂದು ಒಳಕ್ಕೆ ನೋಡಿರಿ. ಇದನ್ನು ಆತ್ಮವಿಚಾರ ಎನ್ನುತ್ತಾರೆ. ಇಲ್ಲಿ ಬಾಯಿಪಾಠದ ಉತ್ತರ ಸಲ್ಲದು. ಹುಡುಗರು ತಾವೇ ಎಣಿಸಿದಂತೆ, ನಾವೇ ನೋಡಬೇಕು.

ಇನ್ನು ನಮ್ಮದೇ ಕಾಸರಗೋಡು ಜಿಲ್ಲೆಗೆ ಬರೋಣ. ಹೊಸದುರ್ಗದಲ್ಲಿ 1884ರಲ್ಲಿ ವಿಠಲರಾವ್ ಎಂಬವರು ಹುಟ್ಟಿದರು. ಅವರ ಮನೆಮಾತು ಕೊಂಕಣಿ. ಅವರು ನೂಲಿನ ಗಿರಣಿಗಳಲ್ಲಿ ದುಡಿದರು, ವ್ಯಾಪಾರವನ್ನೂ ಮಾಡಿದರು. ಕಷ್ಟಗಳು ಬಂದಾಗ ತಂದೆಯವರು ರಾಮನಾಮದ ಉಪದೇಶ ಕೊಟ್ಟರು. 1922ರ ಕೊನೆಯಲ್ಲಿ ಅವರು ಮಂಗಳೂರಿನಿಂದ ಹೊರಟು ನಾಡೆಲ್ಲ ತಿರುಗಿದರು. ತಿರುವಣ್ಣಾಮಲೈಗೆ ಹೋಗಿ ರಮಣರ ಎದುರು ನಿಂತರು. ರಮಣರು ಒಂದು ಮಾತನ್ನೂ ಆಡಲಿಲ್ಲ. ಪ್ರೀತಿಯಿಂದ ಅವರನ್ನು ದಿಟ್ಟಿಸಿ ನೋಡಿದರು. ಅಷ್ಟೇ! ಆಮೇಲೆ ವಿಠಲರಾಯರು ಅದೇ ಬೆಟ್ಟದ ಗುಹೆಯೊಂದರಲ್ಲಿ ಸುಮಾರು ಇಪ್ಪತ್ತು ದಿನ ರಾಮನಾಮ ಜಪಿಸುತ್ತಾ ಕುಳಿತರು. ಹೊರಗೆ ಬಂದಾಗ ಅವರಿಗೆ ಎಲ್ಲದರಲ್ಲಿಯೂ ರಾಮನೇ ಕಂಡನಂತೆ. ಮರವನ್ನು ಕಂಡರೂ ಓಡಿಹೋಗಿ ಅಪ್ಪಿಕೊಂಡರಂತೆ!

ಇವರೇ ಸ್ವಾಮಿ ರಾಮದಾಸರು. ಇವರ ದಾರಿ ಜಪದ್ದು, ರಮಣರದು ಪ್ರಶ್ನೆಯದು. ಆದರೂ ಇಬ್ಬರೂ ಕಂಡದ್ದು ಒಂದನ್ನೇ. ರಾಮದಾಸರಲ್ಲಿ ಒಂದು ವಿಶೇಷವಿತ್ತು. ಅವರು ತಮ್ಮ ಬಗ್ಗೆ ಹೇಳುವಾಗ 'ನಾನು' ಎನ್ನುತ್ತಿರಲಿಲ್ಲ. 'ರಾಮದಾಸ ಬಂದನು, ರಾಮದಾಸ ಉಂಡನು' ಎಂಬ ರೀತಿಯಲ್ಲಿ ಹೇಳುತ್ತಿದ್ದರು. 1931ರಲ್ಲಿ ಅವರೂ ಮಾತೆ ಕೃಷ್ಣಾಬಾಯಿಯವರೂ ಕಾಞಂಗಾಡಿನಲ್ಲಿ ಆನಂದಾಶ್ರಮವನ್ನು ಸ್ಥಾಪಿಸಿದರು. ಅದು ಈಗಲೂ ಇದೆ.

ಒಬ್ಬರು ಇದನ್ನು ನಿಜವಾಗಿ ಕಲಿತಿದ್ದಾರೆ ಎಂದು ಹೇಗೆ ತಿಳಿಯುವುದು? ಅವರ ನಡತೆಯನ್ನು ನೋಡಬೇಕು. ರಮಣರು ಬೆಳಗಿನ ಜಾವ ಎದ್ದು ಅಡುಗೆಮನೆಯಲ್ಲಿ ತರಕಾರಿ ಹೆಚ್ಚುತ್ತಿದ್ದರು. ಎಲ್ಲರಿಗೆ ಬಡಿಸಿದ್ದನ್ನೇ ತಾವೂ ಉಣ್ಣುತ್ತಿದ್ದರು. ಆಶ್ರಮದಲ್ಲಿ ಲಕ್ಷ್ಮಿ ಎಂಬ ಹಸುವಿತ್ತು. 1948ರಲ್ಲಿ ಅದು ಸಾಯುವ ಹೊತ್ತಿಗೆ ರಮಣರು ಅದರ ಪಕ್ಕದಲ್ಲೇ ಕುಳಿತು ತಲೆ ನೇವರಿಸಿದರು. ಮನುಷ್ಯರಿಗೆ ಮಾಡುವಂತೆ ಅದಕ್ಕೂ ಸಮಾಧಿ ಕಟ್ಟಿಸಲಾಯಿತು. 'ಎರಡಲ್ಲ' ಎಂದು ಬಾಯಲ್ಲಿ ಹೇಳಿ, ಪಕ್ಕದ ಮಗುವನ್ನು ದೂರ ಕೂರಿಸಿದರೆ ಕಲಿತಂತಾಗುವುದೇ? ಯೋಚಿಸಿರಿ.

ಗುರು ಎಂದು ಹೇಳಿಕೊಳ್ಳುವವರೆಲ್ಲ ಗುರುಗಳಲ್ಲ ಎಂಬುದೂ ನೆನಪಿರಲಿ. ಒಳ್ಳೆಯ ಗುರು ಹೆದರಿಸುವುದಿಲ್ಲ. ಪ್ರಶ್ನೆ ಕೇಳಿದರೆ ಸಿಟ್ಟಾಗುವುದಿಲ್ಲ. 'ಮನೆಯಲ್ಲಿ ಹೇಳಬೇಡ' ಎನ್ನುವುದಿಲ್ಲ. ಯಾರಾದರೂ ಹಾಗೆ ಮಾಡಿದರೆ ಕೂಡಲೇ ತಂದೆ ತಾಯಿಗೆ ಅಥವಾ ಶಾಲೆಯ ಅಧ್ಯಾಪಕರಿಗೆ ತಿಳಿಸಿರಿ.

ಮೊದಲಿನ ಪ್ರಶ್ನೆಗೆ ಮರಳೋಣ. ನಿಮ್ಮ ಮೂರನೇ ವಯಸ್ಸಿನ ಫೋಟೋ ಮನೆಯಲ್ಲಿದೆಯೇ? ಆ ಮುಖ ಈಗ ಇಲ್ಲ. ಆ ತೊದಲುಮಾತೂ ಇಲ್ಲ. ಆದರೂ 'ಇದು ನಾನೇ' ಎನ್ನುತ್ತೀರಿ. ಮುಖ, ಮಾತು ಬದಲಾದರೂ ಬದಲಾಗದೆ ನೋಡುತ್ತಿರುವುದು ಏನೋ ಇದೆ ಎಂದಾಯಿತಲ್ಲವೇ? ತುಳು, ಕನ್ನಡ, ಮಲಯಾಳ ಎಲ್ಲವೂ ನಿಮ್ಮವೇ. ಯಾವುದನ್ನೂ ಬಿಡಬೇಕಾಗಿಲ್ಲ, ಯಾವುದಕ್ಕೂ ನಾಚಬೇಕಾಗಿಲ್ಲ. ಆದರೆ ಅವುಗಳಲ್ಲಿ ಒಂದೇ ನೀವಲ್ಲ. ನಿಮ್ಮನ್ನು ಕೇಳಿದವನೂ ಹಾಗೆಯೇ. ಅವನ ಎದೆಯೊಳಗೂ 'ನಾನು' ಎನ್ನುವ ಅದೇ ದನಿ ಇದೆ. ಅದು ತಿಳಿದರೆ ಒರಟು ಮಾತು ಅಷ್ಟು ನೋಯಿಸದು. ನಮಗೂ ಒರಟಾಗಿ ಕೇಳಲು ಮನಸ್ಸು ಬಾರದು.

ಹೊಸ ಪದಗಳು

ಕವಲು – ಒಂದು ದಾರಿ ಎರಡಾಗುವುದು
ನೀರುಪಾಲಾಗು – ನೀರಿನಲ್ಲಿ ಕೊಚ್ಚಿಹೋಗು
ದಿಟ್ಟಿಸು – ಕಣ್ಣು ಕದಲಿಸದೆ ನೋಡು
ಆತ್ಮವಿಚಾರ – 'ನಾನು ಯಾರು' ಎಂದು ತನ್ನೊಳಗೆ ಹುಡುಕುವುದು

ಉತ್ತರಿಸಿರಿ

1. ಹುಡುಗರ ಎಣಿಕೆಯಲ್ಲಿ ಒಂಬತ್ತೇ ಸಿಕ್ಕಿದ್ದು ಏಕೆ?
2. ಶಿವಪ್ರಕಾಶಂ ಪಿಳ್ಳೈಯವರಿಗೆ ರಮಣರು ಹೇಗೆ ಉತ್ತರ ಕೊಟ್ಟರು?
3. ಸ್ವಾಮಿ ರಾಮದಾಸರ ಮಾತಿನ ವಿಶೇಷವೇನು?
4. ಒಳ್ಳೆಯ ಗುರುವಿನ ಲಕ್ಷಣಗಳನ್ನು ಪಟ್ಟಿ ಮಾಡಿರಿ.

ಮಾಡಿ ನೋಡೋಣ

ಕಲಕಿದ ಕೊಳದ ನೀರನ್ನು ಕೈಯಿಂದ ತಿಳಿಗೊಳಿಸಲು ಆಗುವುದಿಲ್ಲ. ಬಿಟ್ಟುಬಿಟ್ಟರೆ ತಾನೇ ತಿಳಿಯಾಗುತ್ತದೆ. ತರಗತಿಯಲ್ಲಿ ಎರಡು ನಿಮಿಷ ಎಲ್ಲರೂ ಸುಮ್ಮನೆ ಕುಳಿತುಕೊಳ್ಳಿರಿ. ಯಾವ ಯೋಚನೆಗಳು ಬಂದವು? ಅವುಗಳನ್ನು ನೋಡುತ್ತಿದ್ದವರು ಯಾರು? ಗುಂಪಿನಲ್ಲಿ ಚರ್ಚಿಸಿ ಟಿಪ್ಪಣಿ ತಯಾರಿಸಿರಿ.